ರಬಾಳೆಯ ಹಿಟ್ಟಿನ ಪತಂಗ

ಪತಂಗ ಹಿಟ್ಟು ತಿನ್ನುವುದಿಲ್ಲ. ಈ ಒಂದು ಮಾತನ್ನು ನಮ್ಮ ಮಾಲೀಕರಾದ ಶೆಟ್ಟರಿಗೆ ಹನ್ನೊಂದು ವರ್ಷ ಹೇಳಿದೆ. ಅವರು ಹನ್ನೊಂದು ವರ್ಷವೂ ನಂಬಲಿಲ್ಲ. ಗೋಡೌನಿನಲ್ಲಿ ಒಂದು ಪತಂಗ ಹಾರಿದರೆ ಸಾಕು, "ನೋಡಿ ಮೇಡಂ, ನಮ್ಮ ರವೆ ತಿಂದು ಹೇಗೆ ಗುಂಡಗೆ ಆಗಿದೆ" ಎಂದು ಬೆರಳು ತೋರಿಸುತ್ತಿದ್ದರು. ಅದು ತಿನ್ನುವುದೆಲ್ಲ ರೆಕ್ಕೆ ಬರುವ ಮೊದಲು, ಹುಳವಾಗಿದ್ದಾಗ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟದ ಗೊಡವೆಯೇ ಇಲ್ಲ. ಒಂದು ವಾರವೋ ಎರಡು ವಾರವೋ ಬದುಕಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಇದನ್ನೆಲ್ಲ ವಿವರಿಸಿದಾಗ ಶೆಟ್ಟರು, "ಊಟ ಮಾಡದೆ ಯಾರಾದರೂ ಹಾರುವುದುಂಟಾ?" ಎಂದು ಕೇಳುತ್ತಿದ್ದರು. ನಲವತ್ತು ವರ್ಷ ಹೋಟೆಲು ನಡೆಸಿದವರ ಮನೆತನ, ಅವರಿಗೆ ಊಟ ಬಿಟ್ಟ ಪ್ರಾಣಿಯ ಮೇಲೆ ವಿಶ್ವಾಸ ಹುಟ್ಟುವುದು ಕಷ್ಟ.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದವಳು. ಮೊದಮೊದಲು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಠಾಣೆಯಿಂದ ವಾಶಿಗೆ ಲೋಕಲ್ ಗಾಡಿ ಶುರುವಾದ ಹೊಸದರಲ್ಲಿ ರಬಾಳೆಯ ಈ ಕಾರ್ಖಾನೆಗೆ ಸೇರಿದೆ. ಇಡ್ಲಿ, ದೋಸೆ, ಉಪ್ಪಿಟ್ಟು, ಎಲ್ಲದರ ಸಿದ್ಧ ಹಿಟ್ಟು ತಯಾರಿಸಿ ಹೋಟೆಲುಗಳಿಗೂ ಕ್ಯಾಂಟೀನುಗಳಿಗೂ ಕಳಿಸುವ ಜಾಗ. ಕ್ವಾಲಿಟಿ ಡಿಪಾರ್ಟ್‌ಮೆಂಟ್ ಎಂದು ಬಾಗಿಲ ಮೇಲೆ ಬರೆದಿತ್ತು. ಒಳಗೆ ಒಂದು ತಕ್ಕಡಿ, ತೇವಾಂಶ ನೋಡುವ ಒಲೆ, ಒಂದು ಮೈಕ್ರೋಸ್ಕೋಪು, ಒಂದು ಕಬ್ಬಿಣದ ಕಪಾಟು ಮತ್ತು ನಾನು ಇದ್ದೆವು.

ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನಗಿಂತ ಹೆಚ್ಚು ಓದಿದ್ದಾರೆ. ಖಾರಘರದ ಕಾಲೇಜುಗಳಲ್ಲಿ ಆಹಾರ ತಂತ್ರಜ್ಞಾನವನ್ನೇ ಕಲಿತು ಬರುತ್ತಾರೆ. ಸರ್ಟಿಫಿಕೇಟು, ಆಡಿಟ್ಟು, ನಿಯಮಗಳ ಪುಸ್ತಕ ಎಲ್ಲ ಅವರಿಗೆ ಬಾಯಿಪಾಠ. ಅವರಿಗೆ ಯಾರೂ ಹೇಳಿಕೊಡದ್ದು ಒಂದಿದೆ, ಅದನ್ನು ಹೇಳುವುದಕ್ಕಾಗಿ ಈ ಬರಹ. ನನಗೆ ಬಂದ ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಬಂದವು, ಎರಡರಲ್ಲೂ ಕೆಲಸ ಅದೇ ಇತ್ತು.

ಮೊದಲು ಪತಂಗದ ಪರಿಚಯ. ಗೋಡೆಯ ಮೇಲೆ ಕೂತಾಗ ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು ಉದ್ದ. ರೆಕ್ಕೆಗಳನ್ನು ಹೆಂಚಿನ ಮಾಡಿನ ಹಾಗೆ ಮೈಗೆ ಒತ್ತಿಕೊಂಡು ಕೂರುತ್ತದೆ. ಮುಂದಿನ ರೆಕ್ಕೆಯ ಭುಜದ ಕಡೆಯ ಭಾಗ ಮಾಸಿದ ಬೂದುಬಣ್ಣ, ಉಳಿದದ್ದು ತಾಮ್ರದ ಬಣ್ಣ, ನಡುವೆ ಕಪ್ಪು ಗೆರೆ. ಈ ಎರಡು ಬಣ್ಣ ನೋಡಿದರೆ ಸಾಕು, ಬೇರೆ ಪತಂಗದ ಜೊತೆ ಕಲಸಿಕೊಳ್ಳುವುದಿಲ್ಲ. ಹಗಲು ಕತ್ತಲ ಮೂಲೆಯಲ್ಲಿ ಕೂತಿದ್ದು, ಹೊತ್ತು ಮುಳುಗಿದ ಮೇಲೆ ಹಾರುತ್ತದೆ. ಹಾರುವುದೂ ನೇರವಲ್ಲ, ಏನೋ ಮರೆತು ಬಂದವರಂತೆ ಅತ್ತ ಇತ್ತ ತಿರುಗುತ್ತ.

ಹೆಣ್ಣು ಹಿಟ್ಟಿನ ಹತ್ತಿರ ಮೊಟ್ಟೆಯಿಡುತ್ತದೆ. ಮೊಟ್ಟೆ ರವೆಯ ಕಣಕ್ಕಿಂತ ಸಣ್ಣದು, ಬಣ್ಣವೂ ಹೆಚ್ಚುಕಡಿಮೆ ಅದೇ. ಅದನ್ನು ರವೆಯಲ್ಲಿ ಕಣ್ಣಿನಿಂದ ಹುಡುಕುತ್ತೇನೆ ಎನ್ನುವವರನ್ನು ನಾನು ಗೌರವಿಸುತ್ತೇನೆ, ನಂಬುವುದಿಲ್ಲ. ಕೆಲವು ದಿನಗಳಲ್ಲಿ ಹುಳ ಹೊರಬರುತ್ತದೆ. ಕೆನೆಬಣ್ಣದ ಮೈ, ಕಂದು ತಲೆ. ಅದು ತಿನ್ನುತ್ತ ಹೋದಲ್ಲೆಲ್ಲ ರೇಷ್ಮೆಯಂಥ ಎಳೆ ಬಿಡುತ್ತದೆ, ಹಿಟ್ಟು ಅಂಟಿಕೊಂಡು ಗಂಟುಗಂಟಾಗುತ್ತದೆ. ನಿಮ್ಮ ಡಬ್ಬಿಯಲ್ಲಿ ಬಲೆ ಕಟ್ಟಿದಂತೆ ಕಾಣುವುದು ಜೇಡದ ಕೆಲಸವಲ್ಲ, ಇದರದ್ದು. ತಿಂದು ಬೆಳೆದ ಹುಳಕ್ಕೆ ಒಂದು ದಿನ ಆ ಹಿಟ್ಟೇ ಸಾಕೆನಿಸುತ್ತದೆ. ಎದ್ದು ನಡೆಯಲು ಶುರುಮಾಡುತ್ತದೆ. ಗೋಡೆ ಹತ್ತಿ, ಸೂರಿನ ಸಂದಿನವರೆಗೆ ಹೋಗಿ, ಅಲ್ಲಿ ಗೂಡು ಕಟ್ಟಿ ಕೋಶವಾಗುತ್ತದೆ. ಅದರೊಳಗಿಂದ ಮತ್ತೆ ಪತಂಗ. ಮುಂಬಯಿಯ ಸೆಕೆಯಲ್ಲಿ ಈ ಸುತ್ತು ಮುಗಿಯಲು ತಿಂಗಳು ಸಾಕು.

ತಿನ್ನುವ ಜಾಗದಿಂದ ದೂರ ನಡೆಯುತ್ತದೆ ಎನ್ನುವ ಸಂಗತಿಯನ್ನು ನಾನು ಪ್ರತಿ ಟ್ರೇನಿಂಗಿನಲ್ಲೂ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಹುಳ ಕಂಡ ಕಡೆಯೇ ಹುಳ ಹುಟ್ಟಿದೆ ಎಂದು ತಿಳಿಯಬೇಡಿ. ಇದು ಪೂರ್ತಿ ನಿಜ. ನಾನು ಮಾಡಿದ ಅತಿ ದೊಡ್ಡ ತಪ್ಪು ಈ ನಿಜದ ಮೇಲೆಯೇ ನಿಂತಿತ್ತು, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಸಣ್ಣ ತಪ್ಪೊಂದನ್ನು ಮುಂಚೆ ಮುಗಿಸುತ್ತೇನೆ. ನಾನು ಸೇರಿದ ಕೆಲವು ವರ್ಷಗಳ ಮೇಲೆ ಬಲೆಪೆಟ್ಟಿಗೆಗಳು ಬಂದವು. ಒಳಗೆ ಅಂಟು, ನಡುವೆ ಹೆಣ್ಣು ಪತಂಗದ ವಾಸನೆ ತುಂಬಿದ ಒಂದು ಸಣ್ಣ ರಬ್ಬರ್ ಬಿಲ್ಲೆ. ನಮಗೆ ಆ ವಾಸನೆ ತಿಳಿಯುವುದಿಲ್ಲ. ಗಂಡು ಪತಂಗಗಳು ಎಲ್ಲಿದ್ದರೂ ಹುಡುಕಿಕೊಂಡು ಬಂದು ಅಂಟುತ್ತವೆ. ಬಿಲ್ಲೆಯನ್ನು ಚಿಮಟದಿಂದ ಹಿಡಿಯಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಅಷ್ಟೆಲ್ಲ ಯಾಕೆಂದು ನಾನು ಕೈಯಲ್ಲೇ ಹಿಡಿದು ಜೋಡಿಸಿ, ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡೆ. ಅವತ್ತು ಸಂಜೆ ಡೊಂಬಿವಲಿಯ ಮನೆಯಲ್ಲಿ ಸೀರೆ ಬದಲಿಸಿ ಬಾಲ್ಕನಿಯ ತಂತಿಯ ಮೇಲೆ ಹಾಕಿದ್ದೆ. ದೀಪ ಹಚ್ಚುವ ಹೊತ್ತಿಗೆ ಸೆರಗಿನ ಸುತ್ತ ಏಳು ಪತಂಗಗಳು. ಏಳೂ ಪಕ್ಕದ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಬಂದಿದ್ದವು. ನಾನು ಉದ್ಯೋಗದ ಉತ್ಸಾಹದಲ್ಲಿ ಹೋಗಿ ಪಕ್ಕದ ಮನೆಯವರಿಗೆ, ನಿಮ್ಮ ಡಬ್ಬಿಗಳಲ್ಲಿ ಹುಳ ಇದೆ, ಗಂಡು ಪತಂಗ ಏಳು ಬಂದಿವೆ ಎಂದರೆ ಹೆಣ್ಣೂ ಅಷ್ಟೇ ಇರಬೇಕು ಎಂದು ಹೇಳಿದೆ.

"ಆಮಚ್ಯಾ ಘರಾತ್ ಕಿಡೆ ನಾಹೀತ್" ಎಂದರು ಆ ಮರಾಠಿ ಹೆಂಗಸು. ತಮ್ಮ ಮನೆಯಲ್ಲಿ ಹುಳವಿಲ್ಲ ಎಂದು. ಆಮೇಲೆ ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ನನ್ನ ಯಜಮಾನರು, "ಸತ್ಯ ಹೇಳೋಕೆ ಮುಂಚೆ ಆ ಮನೆಯಿಂದ ಬರಬೇಕಾದ ನಮ್ಮ ಕುಕ್ಕರನ್ನಾದ್ರೂ ತಂದ್ಕೋಬಾರದಿತ್ತಾ" ಎಂದರು.

ಈಗ ಶಿವಪುತ್ರಪ್ಪನವರ ವಿಷಯ. ಅವರು ನಮ್ಮ ಸ್ಟೋರ್‌ಕೀಪರು. ವಿಜಯಪುರದ ಕಡೆಯವರು, ಮನೆ ಕಲ್ಯಾಣದಲ್ಲಿ. ನಾನು ಸೇರುವಾಗಲೇ ಅವರಿಗೆ ಅಲ್ಲಿ ಹತ್ತು ವರ್ಷ ಸರ್ವಿಸಾಗಿತ್ತು. ಗೋಡೌನಿಗೆ ಮೂಟೆ ಬಂದರೆ ಮೊದಲು ಮೂಸುತ್ತಿದ್ದರು, ಆಮೇಲೆ ಮೊಣಕೈವರೆಗೆ ಕೈ ಇಳಿಸಿ ಬಿಸಿ ನೋಡುತ್ತಿದ್ದರು. ಒಳಗೆ ಹುಳವಿದ್ದರೆ ಧಾನ್ಯ ಬಿಸಿಯಾಗುತ್ತದೆ. ಅವರ ಕೈ ಬಿಸಿ ಎಂದ ಮೂಟೆಯನ್ನು ನಾನು ಥರ್ಮಾಮೀಟರಿನಲ್ಲಿ ನೋಡಿದರೆ ಬಿಸಿಯೇ ಇರುತ್ತಿತ್ತು. ಪ್ರತಿ ಮೂಟೆಯ ಮೇಲೂ ಬಂದ ತಾರೀಕನ್ನು ಸೀಮೆಸುಣ್ಣದಲ್ಲಿ ಬರೆದು, ಮೊದಲು ಬಂದದ್ದನ್ನು ಮೊದಲು ಕಳಿಸುತ್ತಿದ್ದರು. ಗೋಡೌನಿನಲ್ಲಿ ಚಪ್ಪಲಿ ಹಾಕುತ್ತಿರಲಿಲ್ಲ. ಕಾಲಿಗೆ ಹಿಟ್ಟು ತಾಗಿದರೆ ಎಲ್ಲೋ ಚೀಲ ಸೋರುತ್ತಿದೆ ಎಂದು ಗೊತ್ತಾಗುತ್ತದಂತೆ. ಆಡಿಟ್ಟಿನವರು ಬಂದ ದಿನ ಮಾತ್ರ ಬೂಟು ಹಾಕುತ್ತಿದ್ದರು, ಅವತ್ತಿಡೀ ಸಿಡುಕುತ್ತಿದ್ದರು.

ಅವರು ಇದ್ದೂ ಪತಂಗ ಹೋಗಲಿಲ್ಲ. ರಜೆಯ ದಿನ ಕಾರ್ಖಾನೆ ಮುಚ್ಚಿ ವಿಷದ ಹೊಗೆ ಹಾಕಿಸುತ್ತಿದ್ದೆವು. ಒಂದು ತಿಂಗಳು ಒಂದೂ ಕಾಣುತ್ತಿರಲಿಲ್ಲ. ಸರಿಯಾಗಿ ತಿಂಗಳ ಮೇಲೆ ಮತ್ತೆ ಶುರು. ಮತ್ತೆ ಹೊಗೆ, ಮತ್ತೆ ತಿಂಗಳು. ನಾನು ಲೆಕ್ಕ ಹಾಕಿ ಶೆಟ್ಟರಿಗೆ, ಹೊರಗಿನಿಂದ ಬರುವ ಮೂಟೆಗಳಲ್ಲಿ ಮೊಟ್ಟೆ ಬರುತ್ತಿದೆ, ಆದ್ದರಿಂದ ಹೀಗೆ ಎಂದು ವಿವರಿಸಿದೆ. ನಕ್ಷೆ ಬರೆದು ತೋರಿಸಿದೆ. ಅವರಿಗೆ ನಕ್ಷೆ ಹಿಡಿಸಿತು.

ಇಲ್ಲಿ ಕಪಾಟಿನ ಬಗ್ಗೆ ಹೇಳಬೇಕು. ತಯಾರಾದ ಪ್ರತಿ ಬ್ಯಾಚಿನಿಂದ ಎರಡು ಪೊಟ್ಟಣ ತೆಗೆದು ಇಡುವುದು ಈ ಉದ್ಯೋಗದ ನಿಯಮ. ನಾಳೆ ಯಾರಾದರೂ ದೂರು ಕೊಟ್ಟರೆ ನಮ್ಮಲ್ಲೂ ಅದೇ ಬ್ಯಾಚಿನ ಮಾಲು ಇರಬೇಕಲ್ಲ, ಅದಕ್ಕೆ. ಕಂಟ್ರೋಲ್ ಸ್ಯಾಂಪಲ್ ಎನ್ನುತ್ತೇವೆ. ಅವು ನನ್ನ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದವು. ಬೀಗದ ಕೈ ನನ್ನ ಹತ್ತಿರ, ನನ್ನೊಬ್ಬಳ ಹತ್ತಿರ. ಹೊಗೆ ಹಾಕುವಾಗ ಆ ಕಪಾಟಿಗೆ ಪ್ಲಾಸ್ಟಿಕ್ ಸುತ್ತಿ, ಟೇಪು ಹಚ್ಚಿ, ಗಾಳಿಯಾಡದಂತೆ ಮಾಡುತ್ತಿದ್ದೆ. ಸಾಕ್ಷಿಗೆ ವಿಷ ತಾಗಬಾರದೆಂದು. ಅವಧಿ ಮುಗಿದ ಪೊಟ್ಟಣಗಳನ್ನು ಮೂರು ತಿಂಗಳಿಗೊಮ್ಮೆ ತೆಗೆದು ನಾಶ ಮಾಡಬೇಕಿತ್ತು. ಒಂದೊಂದನ್ನೂ ಬಿಚ್ಚಿ ಸುರಿಯುವ ಕೆಲಸ ಅದು, ಮುಂದಿನ ವಾರ ಮಾಡೋಣ ಎಂದು ಬಿಡುತ್ತಿದ್ದೆ. ರಿಜಿಸ್ಟರಿನಲ್ಲಿ 'ನಾಶಪಡಿಸಲಾಗಿದೆ' ಎಂದು ಸಹಿ ಮಾತ್ರ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೆ. ಹೊಸ ಪೊಟ್ಟಣ ಮುಂದೆ, ಹಳೆಯದು ಹಿಂದೆ. ಪರೀಕ್ಷೆಗೆಂದು ಬಿಚ್ಚಿದವನ್ನು ಮತ್ತೆ ಬಿಸಿಯಿಂದ ಸೀಲ್ ಮಾಡಬೇಕು. ಆ ಮೆಷಿನು ಕೆಳಗಿನ ಪ್ಯಾಕಿಂಗ್‌ನಲ್ಲಿತ್ತು, ಮೆಟ್ಟಿಲು ಇಳಿಯಬೇಕಿತ್ತು. ನನ್ನ ಮೇಜಿನ ಮೇಲೆ ಸ್ಟೇಪ್ಲರ್ ಇತ್ತು.

ಬಲೆಪೆಟ್ಟಿಗೆಗಳಲ್ಲಿ ವಾರವಾರ ಬಿದ್ದ ಪತಂಗಗಳನ್ನು ಎಣಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಬೀಳುತ್ತಿದ್ದದ್ದು ನನ್ನ ಕೋಣೆಯ ಹೊರಗಿನ ಪೆಟ್ಟಿಗೆಯಲ್ಲಿ. ಇದಕ್ಕೂ ನನ್ನಲ್ಲಿ ಉತ್ತರವಿತ್ತು. ಹೊಸ ಬಿಲ್ಲೆಗಳನ್ನು ನನ್ನ ಕೋಣೆಯಲ್ಲೇ ಇಟ್ಟಿದ್ದೇನಲ್ಲ, ಆ ವಾಸನೆಗೆ ಎಲ್ಲ ಕಡೆಯ ಗಂಡುಗಳೂ ಇತ್ತ ಬರುತ್ತಿವೆ ಎಂದು ಕಾರಣ ಬರೆದೆ. ಡೊಂಬಿವಲಿಯ ಸೆರಗಿನ ಅನುಭವ ಬೇರೆ ಇತ್ತಲ್ಲ, ಅದು ನನಗೆ ಪುರಾವೆಯಾಗಿ ಒದಗಿತು.

ಒಂದು ದಿನ ಶಿವಪುತ್ರಪ್ಪನವರು ನನ್ನ ಬಾಗಿಲಲ್ಲಿ ನಿಂತರು.

"ಬಾಯಾರ, ನಿಮ್ಮ ರೂಮಿನ ಗ್ವಾಡಿ ಮ್ಯಾಲ ನಾಕೈದು ಹುಳ ಏರಾಕತ್ತಾವ್ರಿ. ಆ ಕಪಾಟಿನ ಹಿಂದಿಂದ ಬರಾಕತ್ತಾವೇನೋ ಅನ್ನಸ್ತೈತಿ."

"ಶಿವಪುತ್ರಪ್ಪ, ಹೋದ ವಾರ ಟ್ರೇನಿಂಗ್‌ನಲ್ಲಿ ಏನು ಹೇಳಿದ್ದೆ? ಹುಳ ಗೋಡೆ ಮೇಲೆ ಕಂಡ್ರೆ ಅಲ್ಲೇ ಹುಟ್ಟಿದೆ ಅಂತ ಅರ್ಥಾನಾ?"

"ಅಲ್ಲರಿ. ತಿಂದು ಮುಗಿಸಿ ದೂರ ನಡೀತಾವ ಅಂದಿದ್ರಿ."

"ಹಾಗಾದ್ರೆ ಇವು ಎಲ್ಲಿಂದ ಬಂದಿರಬೇಕು?"

ಅವರು ಗೋಡೆ ನೋಡಿದರು, ಕಪಾಟು ನೋಡಿದರು, ನನ್ನ ಮುಖ ನೋಡಿದರು. "ನಮ್ಮ ಗೋಡೌನಿಂದನ ಬಂದಿರಬೇಕ್ರಿ" ಎಂದರು.

ಸರಿ ಉತ್ತರ ಹೇಳಿದ ವಿದ್ಯಾರ್ಥಿಯನ್ನು ನೋಡಿ ಮೇಷ್ಟರಿಗೆ ಆಗುವ ಸಂತೋಷ ನನಗೆ ಆಯಿತು. ಅವರು ಪೊರಕೆ ತಂದು ಗೋಡೆ ಗುಡಿಸಿ ಹೋದರು. ಎರಡು ತಿಂಗಳ ಮೇಲೆ ಮತ್ತೊಮ್ಮೆ ಬಂದು ಅದನ್ನೇ ಹೇಳಿದರು. ನಾನು ಮತ್ತೊಮ್ಮೆ ಅದನ್ನೇ ಕೇಳಿದೆ.

ಆ ಮಳೆಗಾಲದಲ್ಲಿ ಒಂದು ದೊಡ್ಡ ಕ್ಯಾಂಟೀನಿನವರು ನಮ್ಮ ರವೆ ಇಡ್ಲಿ ಹಿಟ್ಟನ್ನು ಟೆಂಪೋ ತುಂಬ ವಾಪಸು ಕಳಿಸಿದರು. ಪೊಟ್ಟಣಗಳಲ್ಲಿ ಹುಳ. ಅವರ ಮ್ಯಾನೇಜರು ಒಂದು ಪೊಟ್ಟಣವನ್ನು ಶೆಟ್ಟರ ಮೇಜಿನ ಮೇಲೆ ಬಿಚ್ಚಿಟ್ಟು ಹೋದ. ಶೆಟ್ಟರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ ಅವರು, ಯಾರನ್ನೂ ಗದರಿದವರಲ್ಲ. ಅವತ್ತು ಮುಖ ಬಾಡಿತ್ತು.

"ಕಾರಣ ನೀವು ತುಂಬ ಸಲ ಹೇಳಿದ್ದೀರಿ ಮೇಡಂ. ನನಗೆ ಈಗ ಹೆಸರು ಬೇಕು. ನಾಳೆ ಅವರು ಫೋನ್ ಮಾಡಿದರೆ ನಾನು ಎಂತ ಹೇಳುದು?"

ನಾನು ರಿಪೋರ್ಟು ಬರೆದೆ. ಒಂದೂವರೆ ಪುಟ. ಮೊಟ್ಟೆ, ಹುಳ, ಕೋಶ, ಪತಂಗ, ತಿಂಗಳ ಸುತ್ತು, ಎಲ್ಲ ಕ್ರಮವಾಗಿತ್ತು. ಕೊನೆಯ ಸಾಲು, 'ಒಳಬರುವ ಮಾಲಿನ ತಪಾಸಣೆಯಲ್ಲಿ ಸ್ಟೋರ್‌ಕೀಪರರ ಲೋಪ.' ನನಗೆ ಸಂಶಯ ಇತ್ತೆ ಎಂದು ಕೇಳಿದರೆ, ಇರಲಿಲ್ಲ. ಸಂಶಯ ಇದ್ದೂ ಬರೆದಿದ್ದರೆ ನಾನು ಕೆಟ್ಟವಳಾಗುತ್ತಿದ್ದೆ. ಇಲ್ಲದೆ ಬರೆದೆ. ಯಾವುದು ಹೆಚ್ಚು ಅಪಾಯ ಎಂದು ಈಗಲೂ ಯೋಚಿಸುತ್ತೇನೆ.

ಸರ್ವಿಸಿನ ಹತ್ತೊಂಬತ್ತನೆಯ ವರ್ಷದಲ್ಲಿ ಶಿವಪುತ್ರಪ್ಪನವರನ್ನು ಕೆಲಸದಿಂದ ಬಿಡಿಸಿದರು. ಅವರು ಗೋಡೌನಿನ ಬೀಗದ ಕೈ ಒಪ್ಪಿಸಿ ನನ್ನ ಕೋಣೆಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಎದ್ದು ನಿಂತೆ.

"ಬಾಯಾರ, ಯಾವ ಲಾಟಿನಾಗ ತಪ್ಪಾತು ಅಂತ ಒಂದೀಟು ಹೇಳ್ರಿ. ಎಲ್ಲಿ ಕಣ್ಣು ತಪ್ಪಿತೋ ನನಗ ತಿಳೀವಲ್ದು."

"ಒಂದು ಲಾಟು ಅಂತ ಹೇಳೋಕಾಗಲ್ಲ ಶಿವಪುತ್ರಪ್ಪ. ಒಟ್ಟಾರೆ."

"ಒಟ್ಟಾರೆ" ಎಂದು ಅವರು ಒಮ್ಮೆ ತಾವೇ ಹೇಳಿ ನೋಡಿದರು. ಆಮೇಲೆ ಕೈ ಮುಗಿದು ಹೋದರು.

ಹೊಸ ಸ್ಟೋರ್‌ಕೀಪರು ಬಂದರು, ಕಂಪ್ಯೂಟರ್ ಬಂತು, ಮೂಟೆಗಳಿಗೆ ಸೀಮೆಸುಣ್ಣದ ಬದಲು ಸ್ಟಿಕ್ಕರ್ ಬಂತು. ಪತಂಗಗಳೂ ಬಂದವು, ಮೊದಲಿನಂತೆಯೇ, ಹೊಗೆ ಹಾಕಿದ ತಿಂಗಳಿಗೆ. ಹಳೆಯ ಸ್ಟೋರ್‌ಕೀಪರರ ಕಾಲದ ಸೋಂಕು ಇನ್ನೂ ಉಳಿದಿದೆ ಎಂದು ನಾನು ಬರೆದೆ. ಇದನ್ನು ಹತ್ತು ತಿಂಗಳು ಬರೆದೆ.

ಹತ್ತನೆಯ ತಿಂಗಳಲ್ಲಿ ಠಾಣೆಯ ಒಂದು ಹೋಟೆಲಿನಿಂದ ದೂರು ಬಂತು, ಹಿಟ್ಟು ಕಹಿಯಾಗಿದೆ ಎಂದು. ಹಳೆಯ ಬ್ಯಾಚು. ಅದರ ಸ್ಯಾಂಪಲ್ ಕಪಾಟಿನ ಹಿಂದಿನ ಸಾಲಿನಲ್ಲಿತ್ತು. ಮಧ್ಯಾಹ್ನ, ಊಟವಾದ ಮೇಲೆ, ಮುಂದಿನ ಸಾಲುಗಳನ್ನು ತೆಗೆದು ಕೆಳಗಿಟ್ಟು ಹಿಂದಿನ ಸಾಲಿಗೆ ಕೈ ಹಾಕಿದೆ. ಒಂದು ಪೊಟ್ಟಣ ಎಳೆದರೆ ಇಡೀ ಸಾಲು ಜೊತೆಗೆ ಬಂತು. ಬಲೆ ಹೆಣೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಟೇಪ್ಲರ್ ಪಿನ್ನಿನ ಅಕ್ಕಪಕ್ಕದ ಸಂದುಗಳಿಂದ ಎಳೆ ಹೊರಬಂದು ಕಪಾಟಿನ ಹಿಂಬದಿಯ ತಗಡಿನ ಬಿರುಕಿನವರೆಗೆ ಹೋಗಿತ್ತು. ಆ ಬಿರುಕಿನಿಂದ ಆಚೆ ಗೋಡೆ. ಕಪಾಟಿನ ಒಳಮಾಡಿನಲ್ಲಿ ಪತಂಗಗಳು ಸಾಲಾಗಿ ಕೂತಿದ್ದವು. ಬೂದು ಭುಜ, ತಾಮ್ರದ ರೆಕ್ಕೆ, ನಡುವೆ ಕಪ್ಪು ಗೆರೆ. ಗುಣಮಟ್ಟದ ದೃಷ್ಟಿಯಿಂದ ಹೇಳುವುದಾದರೆ ನಾನು ನೋಡಿದ ಅತ್ಯುತ್ತಮ ಪತಂಗಗಳು ಅವು. ಪ್ರತಿ ಸಲವೂ ಹೊಗೆಯಿಂದ ನಾನೇ ಕಾಪಾಡಿ ಬೆಳೆಸಿದ್ದೆ.

ಬಾಗಿಲು ಹಾಕಿ ಬೀಗ ಹಾಕಿದೆ.

ಆ ರಾತ್ರಿಯೇ ಶೆಟ್ಟರಿಗೆ ಹೇಳಿದೆ ಎಂದು ಬರೆಯುವ ಆಸೆ ಇದೆ. ಹೇಳಲಿಲ್ಲ. ಮರುದಿನ ಒಬ್ಬಳೇ ಕೂತು ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿ ಸುಡಿಸಿದೆ, ಕಪಾಟಿಗೆ ಬಿಸಿನೀರು ಹಾಕಿ ಉಜ್ಜಿದೆ. ಪತಂಗದ ಒಂದು ಸುತ್ತು ಮುಗಿಯುವವರೆಗೆ ಕಾದರೆ ತಾನೆ ಮೂಲ ಅದೇ ಎಂದು ಖಾತ್ರಿಯಾಗುವುದು, ಅಲ್ಲಿಯವರೆಗೆ ಹೇಳುವುದು ವೈಜ್ಞಾನಿಕವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ವಿಜ್ಞಾನವೂ ಹೌದು, ಹೆದರಿಕೆಯೂ ಹೌದು. ತಿಂಗಳು ಕಳೆಯಿತು. ಪೆಟ್ಟಿಗೆಗಳಲ್ಲಿ ಒಂದೂ ಬೀಳಲಿಲ್ಲ. ಇನ್ನೂ ಹದಿನೈದು ದಿನ ಕಳೆಯಿತು. ಆಯುಧಪೂಜೆಯ ದಿನ ಶೆಟ್ಟರು ಎಲ್ಲರ ಎದುರು ಹೊಸ ಸ್ಟೋರ್‌ಕೀಪರರಿಗೆ ಶಾಲು ಹೊದಿಸಿ, ಇವರು ಬಂದ ಮೇಲೆ ನಮ್ಮಲ್ಲಿ ಹುಳವೇ ಇಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಹೋಗುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕರೂ ಕೂರಲಾಗಲಿಲ್ಲ. ನಾಚಿಕೆ ಎನ್ನುವುದು ಕಾಲಿನಲ್ಲೂ ಇರುತ್ತದೆ ಎಂದು ಅವತ್ತು ಗೊತ್ತಾಯಿತು.

ದಸರೆಯ ರಜೆ ಮುಗಿದ ಬೆಳಿಗ್ಗೆಯೇ ಕಪಾಟಿನ ವಿಷಯವೆಲ್ಲ ಬರೆದ ಪತ್ರವನ್ನು ಶೆಟ್ಟರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು.

"ಇದು ನೀವು ಹೇಳಿದ್ದು, ನಾನು ಕೇಳಿದ್ದು ಆಯಿತಲ್ಲ ಮೇಡಂ. ಕಾಗದದಲ್ಲಿ ಎಂತಕ್ಕೆ? ಮುಂದಿನ ತಿಂಗಳು ಆಡಿಟ್ ಉಂಟು."

"ಅವರನ್ನ ಕಳಿಸಿದ್ದೂ ಕಾಗದದಲ್ಲೇ ಸರ್."

ಶೆಟ್ಟರು ಪತ್ರವನ್ನು ಮೇಜಿನ ಮೇಲಿಟ್ಟರು. "ಹೌದು ಮಾರಾಯ್ರೆ. ನಿಮ್ಮದು ರಿಪೋರ್ಟು, ಸಹಿ ನನ್ನದು. ಅವನಿಗೆ ನಾನೇ ಫೋನ್ ಮಾಡ್ತೇನೆ" ಎಂದರು. ನಾನು ಬಾಗಿಲವರೆಗೆ ಹೋದಾಗ ಮತ್ತೆ ಕರೆದರು. "ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ಕಪಾಟಿನ ಹಿಟ್ಟು ತಿಂದದ್ದು ಪತಂಗವೇ ಅಲ್ವಾ?"

"ಹುಳ ಸರ್" ಎಂದೆ.

ಅವರು ಫೋನು ಮಾಡಿದ್ದು ನಿಜ, ಕೆಲಸಕ್ಕೆ ಬಾ ಎಂದದ್ದೂ ನಿಜ. ಶಿವಪುತ್ರಪ್ಪನವರು ಬರಲಿಲ್ಲ, ಈಗಿರುವ ಕೆಲಸ ಸಾಕು ಎಂದರಂತೆ. ಆ ವರ್ಷದಿಂದ ನಮ್ಮಲ್ಲಿ ಒಂದು ನಿಯಮ ಬಂತು, ನಾನೇ ಬರೆದದ್ದು. ಲ್ಯಾಬಿನ ಕಪಾಟನ್ನು ಲ್ಯಾಬಿನವರು ಪರೀಕ್ಷಿಸುವಂತಿಲ್ಲ, ಗೋಡೌನಿನವರು ಬಂದು ಪ್ರತಿ ತಿಂಗಳು ಹಿಂದಿನ ಸಾಲಿನವರೆಗೆ ತೆಗೆದು ನೋಡಬೇಕು. ನಾನು ನಿವೃತ್ತಳಾಗುವವರೆಗೆ ಅದು ನಡೆಯಿತು. ಹೊಸದಾಗಿ ಸೇರುವ ಮಕ್ಕಳು ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಇದನ್ನು ನೆನಪಿಡಿ. ಇನ್ನೊಬ್ಬರ ಕೋಣೆಗೆ ಟಾರ್ಚು ಹಿಡಿಯುವ ಮೊದಲು ನಿಮ್ಮ ಬೀಗದ ಕೈಯನ್ನು ಅವರ ಕೈಗೆ ಕೊಡಿ.

ಆದರೆ ಶೆಟ್ಟರು ಫೋನು ಮಾಡುವ ಮೊದಲೇ, ಪತ್ರ ಕೊಟ್ಟ ವಾರದ ಭಾನುವಾರವೇ, ನಾನು ಕಲ್ಯಾಣಕ್ಕೆ ಹೋದೆ. ಆ ಪತ್ರವನ್ನು ಕನ್ನಡದಲ್ಲಿ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಶಿವಪುತ್ರಪ್ಪನವರು ಪೇಟೆಯ ಒಂದು ಹಿಟ್ಟಿನ ಗಿರಣಿಯಲ್ಲಿದ್ದಾರೆಂದು ಪ್ಯಾಕಿಂಗಿನ ಹೆಂಗಸರು ಹೇಳಿದ್ದರು. ಹೋದಾಗ ಯಾರದೋ ಗೋಧಿ ಸುರಿಯುತ್ತಿದ್ದರು. ಹುಬ್ಬೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ ತಲೆಯಾಡಿಸಿ, ಆ ಡಬ್ಬಿ ಮುಗಿಸಿ, ಮುಂದಿನ ಇಬ್ಬರದ್ದೂ ಮುಗಿಸಿ, ಆಮೇಲೆ ಗಿರಣಿ ನಿಲ್ಲಿಸಿ ಹೊರಗೆ ಬಂದರು. ನಿಂತಲ್ಲೇ ಎಲ್ಲ ಹೇಳಿದೆ. ಕಪಾಟು, ಪಿನ್ನು, ಸುಳ್ಳು ಸಹಿ, ಏನೂ ಬಿಡಲಿಲ್ಲ. ಬೈಯುತ್ತಾರೆ ಎಂದು ಅದಕ್ಕೆ ತಯಾರಾಗಿ ಹೋಗಿದ್ದೆ.

"ಅಂದ್ರ ನನ್ನ ಗೋಡೌನಿಂದ ಅಲ್ಲೇನ್ರಿ?"

"ಅಲ್ಲ ಶಿವಪುತ್ರಪ್ಪ. ನೀವು ಎರಡು ಸಲ ಸರಿಯಾಗೇ ಹೇಳಿದ್ರಿ. ನಾನು ನಿಮ್ಮ ಬಾಯಿಂದಾನೇ ತಪ್ಪು ಉತ್ತರ ಹೇಳಿಸಿದೆ."

"ಹನ್ನೊಂದು ತಿಂಗಳ ಒಂದೊಂದ ಲಾಟ್ ನೆನಸ್ಕೊಂತ ಮಲಗೀನ್ರಿ. ಯಾವ ಲಾರಿ, ಯಾವ ಮೂಟಿ, ನಾ ಎಲ್ಲಿ ಕೈ ಹಾಕಿ ನೋಡಲಿಲ್ಲ ಅಂತ." ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ನೀವು ಕಲ್ತವರು ಹೇಳೀರಿ ಅಂದಮ್ಯಾಲ ತಪ್ಪು ನಂದ ಇರಬೇಕು ಅಂತ ತಿಳ್ಕೊಂಡಿದ್ದೆ."

ನಾನು ಕ್ಷಮೆ ಕೇಳಿದೆ.

"ಮನೀಗೆ ಬರ್ರಿ. ಇದನ್ನ ನನ್ನ ಹೆಂಡತಿ ಮುಂದ ಹೇಳ್ರಿ. ನಾ ಹೇಳಿದ್ರ, ಸಮಾಧಾನಕ್ಕ ಹೇಳಾಕತ್ತಾನ ಅಂತ ತಿಳೀತಾಳ."

ಎರಡು ಕೋಣೆಯ ಮನೆ, ಮೂರನೆಯ ಮಹಡಿ. ಅವರ ಹೆಂಡತಿ ಗೌರವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಬಾಗಿಲ ಹತ್ತಿರ ಕೂತಿದ್ದಳು. ನಾನು ಪತ್ರ ತೆಗೆದು ಗಟ್ಟಿಯಾಗಿ ಓದಿದೆ. ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಶಬ್ದ ಮಾತ್ರ ಮೆಲ್ಲಗಾಯಿತು. ಓದಿ ಮುಗಿದ ಮೇಲೆ ಮಗಳು, "ಆಂಟಿ, ಫಿರ್ ಸೇ ಪಢೋ ನಾ. ಜಿಧರ್ ಪಪ್ಪಾ ಕಾ ನಾಮ್ ಹೈ" ಎಂದಳು. ಅಪ್ಪನ ಹೆಸರಿರುವ ಕಡೆ ಮತ್ತೆ ಓದಿ ಎಂದು. 'ಶ್ರೀ ಶಿವಪುತ್ರಪ್ಪನವರ ತಪಾಸಣೆಯಲ್ಲಿ ಯಾವ ಲೋಪವೂ ಇರಲಿಲ್ಲ' ಎಂಬ ಸಾಲನ್ನು ಮತ್ತೆ ಓದಿದೆ. ಅವಳು ಕನ್ನಡ ಓದಲಾರದವಳು, ಆದರೂ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಇಟ್ಟುಕೊಂಡಳು.

"ಇದನ್ನ ಅವಾಗ ಹೇಳಬೇಕಿತ್ತರಿ" ಎಂದರು ಗೌರವ್ವ, ನನ್ನ ಕಡೆ ತಿರುಗದೆ. "ಹನ್ನೊಂದು ತಿಂಗಳಾತು, ನಾ ಮಾಡಿದ ರೊಟ್ಟೀನ ಇವರು ಬೆಳಕಿಗೆ ಹಿಡದು ನೋಡದ ಉಂಡಿಲ್ಲ. ನನ್ನ ಹಿಟ್ಟಿನಾಗ ಹುಳ ಇರತಾವಂತ ಅಲ್ಲ. ತಮ್ಮ ಕಣ್ಣಿನ ಮ್ಯಾಲ ನಂಬಿಕಿ ಇಲ್ಲಂತ."

ಗೌರವ್ವ ಎರಡು ತಟ್ಟೆ ಇಟ್ಟರು, ಒಂದು ಶಿವಪುತ್ರಪ್ಪನವರಿಗೆ, ಒಂದು ನನಗೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಗಂಡನ ಕಡೆ ನೋಡಿ, "ಕೇಳಿದ್ರಿಲ್ಲ? ನಿಮ್ಮ ತಪ್ಪಲ್ಲಂತ. ಇನ್ನ ಉಣ್ರಿ" ಎಂದರು.

"ಹೂಂ, ಕೇ‌ಳಿದೆ" ಎಂದರು ಶಿವಪುತ್ರಪ್ಪನವರು. ರೊಟ್ಟಿ ಕೈಗೆ ತೆಗೆದುಕೊಂಡರು. ಕಿಟಕಿಯ ಕಡೆಗೆ ಎತ್ತಿ ಹಿಡಿದು, ಒಂದು ಬದಿ ನೋಡಿ, ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದರು. ಆಮೇಲೆ ಮುರಿದು ಉಂಡರು.